ಬೀಗ ಬಿದ್ದ ಸಮುದಾಯ ಭವನ ಬಡಾವಣೆಯ ನೆರವು ಕೇಂದ್ರವಾಗುವುದು ಹೇಗೆ?

ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಇರುವ ಯಾವ ಊರಿಗೆ ಹೋದರೂ ಒಂದೆರಡು ಸಮುದಾಯ ಭವನಗಳು ಕಣ್ಣಿಗೆ ಬೀಳುತ್ತವೆ. ಉದ್ಘಾಟಿಸಿದವರ ಹೆಸರು ಕೆತ್ತಿದ ಕಲ್ಲು, ಕಬ್ಬಿಣದ ಗೇಟು, ಗೇಟಿಗೊಂದು ಬೀಗ. ನಾಮಕರಣ, ಗಣೇಶೋತ್ಸವ, ಚುನಾವಣೆ ಬಿಟ್ಟರೆ ವರ್ಷವಿಡೀ ಒಳಗೆ ಪ್ಲಾಸ್ಟಿಕ್ ಕುರ್ಚಿಗಳದ್ದೇ ವಾಸ. ಅದೇ ಬೀದಿಯಲ್ಲಿ ಪಿಂಚಣಿ ಏಕೆ ನಿಂತಿತೆಂದು ಗೊತ್ತಾಗದ ಅಜ್ಜಿ ಇರುತ್ತಾರೆ, ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಸಿಕ್ಕಿಕೊಂಡಿತೆಂದು ತಿಳಿಯದ ಹುಡುಗಿ ಇರುತ್ತಾಳೆ, ಸಂಜೆ ಮಾತಿಗೆ ಜನ ಸಿಗದ ನಿವೃತ್ತ ಮೇಷ್ಟ್ರು ಇರುತ್ತಾರೆ.

ಇವರನ್ನು ಆ ಕಟ್ಟಡದೊಳಗೆ ಕೂಡಿಸಲು ದೊಡ್ಡ ಅನುದಾನವೇನೂ ಬೇಡ. ವಾರಕ್ಕೆ ಎರಡು ಸಂಜೆ, ಹೇಳಿದ ಹೊತ್ತಿಗೆ ತಪ್ಪದೆ ಬಾಗಿಲು ತೆರೆಯುವ ಐದಾರು ಮಂದಿ ಬೇಕು. ಇಂಥ ಕೆಲಸಕ್ಕೆ ಮೊದಲ ಸಲ ಕೈ ಹಾಕುವವರಿಗಾಗಿ ಇಲ್ಲಿದೆ ದಾರಿ.

ಹಂತ 1: ಮೊದಲು ಬೀದಿ ಸುತ್ತಿ

ಕಾರ್ಯಕ್ರಮ ಯೋಚಿಸುವ ಮೊದಲು ಇಬ್ಬಿಬ್ಬರಾಗಿ ನಲವತ್ತು ಐವತ್ತು ಮನೆಗೆ ಹೋಗಿ ಬನ್ನಿ. ಜೊತೆಗೊಬ್ಬ ಹೆಣ್ಣುಮಗಳು ಇರಲೇಬೇಕು. ಮಧ್ಯಾಹ್ನ ಮನೆಯಲ್ಲಿ ಇರುವವರು ಹೆಚ್ಚಾಗಿ ಹೆಂಗಸರೇ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಟೀಚರ್ ಜೊತೆ ಬಂದರೆ ಇನ್ನೂ ಒಳ್ಳೆಯದು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮನೆಯಲ್ಲಿ ಒಬ್ಬರೇ ವಯಸ್ಸಾದವರು ಇದ್ದಾರೆ ಎಂಬುದು ಅವರಿಗೆ ಬಾಯಿಪಾಠ.

"ನಿಮಗೇನು ಬೇಕು?" ಎಂದು ಕೇಳಬೇಡಿ. ಕೇಳಿದರೆ ರಸ್ತೆ, ಚರಂಡಿ, ನೀರು ಎಂಬ ಉತ್ತರ ಬರುತ್ತದೆ. ಅದು ಪುರಸಭೆಯ ಕೆಲಸ. ಬದಲಿಗೆ ಈ ಮೂರು ಪ್ರಶ್ನೆ ಕೇಳಿ:

- ಈಚೆಗೆ ಯಾವ ಕೆಲಸಕ್ಕೆ, ಯಾವ ಆಫೀಸಿಗೆ, ಎಷ್ಟು ಸಲ ಓಡಾಡಿದಿರಿ?
- ಮನೆಯಲ್ಲಿ ಹಗಲು ಒಬ್ಬರೇ ಇರುವವರು ಯಾರಾದರೂ ಇದ್ದಾರಾ?
- ಸಂಜೆ ಎಷ್ಟು ಗಂಟೆಗೆ ನಿಮಗೆ ಪುರುಸೊತ್ತು?

ಉತ್ತರಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮನೆಗಳನ್ನು ಸುತ್ತಿ ಮುಗಿಸುವಷ್ಟರಲ್ಲಿ ಮತ್ತೆ ಮತ್ತೆ ಬರುವ ನಾಲ್ಕೈದು ವಿಷಯ ತಾವಾಗಿಯೇ ಮೇಲೆ ಬಂದಿರುತ್ತವೆ. ಕೇಂದ್ರದ ಮೊದಲ ಆರು ತಿಂಗಳ ಕೆಲಸ ಅದೇ.

ಹಂತ 2: ಎಲ್ಲರೂ ಕಾಲಿಡಬಹುದಾದ ಜಾಗ ಆರಿಸಿ

ಕಟ್ಟಡ ಯಾರದ್ದೆಂದು ಮೊದಲು ತಿಳಿದುಕೊಳ್ಳಿ. ಪುರಸಭೆಯದಿರಬಹುದು, ಸಮಾಜ ಕಲ್ಯಾಣ ಇಲಾಖೆಯ ಅಂಬೇಡ್ಕರ್ ಭವನವಿರಬಹುದು, ದೇವಸ್ಥಾನದ್ದೋ ಒಂದು ಜಾತಿಯ ಸಂಘದ್ದೋ ಇರಬಹುದು. ದೇವಸ್ಥಾನದ ಸಭಾಂಗಣ ಚೊಕ್ಕಟವಾಗಿದೆ, ಬಾಡಿಗೆಯಿಲ್ಲ ಎಂದು ಅಲ್ಲಿಗೇ ಹೋಗುವ ಮುನ್ನ ಒಂದು ಮಾತು: ಅಲ್ಲಿಗೆ ಕೆಳಗಿನ ಕೇರಿಯವರು ಬರುತ್ತಾರಾ? ಸಾಬರ ಬೀದಿಯ ಹೆಂಗಸರು ಬರುತ್ತಾರಾ? ಯಾರೂ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ, ಸುಮ್ಮನೆ ಬರುವುದಿಲ್ಲ, ಅಷ್ಟೆ. ಅನುಮಾನವಿದ್ದರೆ ಸರ್ಕಾರಿ ಶಾಲೆಯ ಒಂದು ಕೋಣೆ ಅಥವಾ ಶಾಖಾ ಗ್ರಂಥಾಲಯ ಮೇಲು.

ಗ್ರಂಥಾಲಯದ ಬಾಗಿಲು ತಟ್ಟಲು ನಿಮಗೆ ಹಕ್ಕೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಆ ಸಾಲು ಸಿಗುತ್ತದೆ.

ಜಾಗ ನೋಡುವಾಗ ನಾಲ್ಕು ವಿಷಯ ಗಮನಿಸಿ: ಶೌಚಾಲಯ (ಬಳಸುವ ಸ್ಥಿತಿಯಲ್ಲಿದೆಯೇ, ಅದರ ಕೀಲಿ ಯಾರ ಬಳಿ ಇದೆ), ಕುಡಿಯುವ ನೀರು, ಹೊರಗೆ ಬೀದಿದೀಪ, ಮೆಟ್ಟಿಲು. ಮೆಟ್ಟಿಲಿದ್ದರೆ ಗಾಲಿಕುರ್ಚಿಗೆ ಇಳಿಜಾರಿನ ದಾರಿ ಬೇಕು, ಅದಕ್ಕೊಂದು ಲೆಕ್ಕವಿದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಎರಡು ಅಡಿ ಎತ್ತರದ ಜಗಲಿಗೆ ನಾಲ್ಕು ಅಡಿ ಉದ್ದದ ಸಿಮೆಂಟ್ ಇಳಿಜಾರು ಹಾಕಿಸಿದರೆ ಅದು ಬೈಕು ಹತ್ತಿಸಲು ಆಗುತ್ತದೆಯೇ ಹೊರತು ಗಾಲಿಕುರ್ಚಿಗೆ ಆಗುವುದಿಲ್ಲ. ಅಷ್ಟು ಜಾಗವಿಲ್ಲದಿದ್ದರೆ ಕೊನೇಪಕ್ಷ ಮೆಟ್ಟಿಲ ಪಕ್ಕ ಕಬ್ಬಿಣದ ಹಿಡಿಕಂಬಿ ಹಾಕಿಸಿ.

ಹಂತ 3: ಅನುಮತಿ ಬರವಣಿಗೆಯಲ್ಲಿರಲಿ

ವಾರ್ಡಿನ ಸದಸ್ಯರು "ನಾನು ಹೇಳಿದ್ದೀನಿ, ಮಾಡ್ಕೊಳ್ಳಿ" ಎಂದರೆ ಸಂತೋಷ, ಆದರೆ ಅಲ್ಲಿಗೇ ನಿಲ್ಲಬೇಡಿ. ಚುನಾವಣೆಯಾಗಿ ಸದಸ್ಯರು ಬದಲಾದರೆ ಆ ಮಾತು ಉಳಿಯುವುದಿಲ್ಲ. ಕಟ್ಟಡ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯದಾದರೆ ಅದರ ಮುಖ್ಯಾಧಿಕಾರಿಗಳ ಹೆಸರಿಗೆ, ಬೇರೆಯವರದಾದರೆ ಅದರ ಹೊಣೆ ಹೊತ್ತವರ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ. ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಏನು ಮಾಡುತ್ತೀರಿ, ಕರೆಂಟು ಬಿಲ್ಲು ಯಾರು ಕಟ್ಟುತ್ತಾರೆ, ಕೀಲಿ ಯಾರ ಬಳಿ ಇರುತ್ತದೆ, ಮದುವೆ ಮುಂಜಿಗೆ ಬುಕಿಂಗ್ ಇದ್ದ ದಿನ ನೀವು ಬಿಟ್ಟುಕೊಡುತ್ತೀರಾ ಎಂಬುದೆಲ್ಲ ಅದರಲ್ಲಿರಲಿ.

ಅರ್ಜಿ ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಮೊಹರು ಮತ್ತು ಸಹಿ ಹಾಕಿಸಿಕೊಂಡು ಬನ್ನಿ. ಮುಂದೆ ಯಾರಾದರೂ "ಯಾರನ್ನು ಕೇಳಿ ತೆರೆದಿರಿ?" ಎಂದರೆ ತೋರಿಸಲು ಆ ಹಾಳೆ ಬೇಕು.

ಹಂತ 4: ಐದಾರು ಮಂದಿಯ ತಂಡ

ಇಪ್ಪತ್ತು ಜನರ ಸಮಿತಿಯಲ್ಲಿ ಫೋಟೊಗೆ ನಿಲ್ಲುವವರು ಹೆಚ್ಚು, ಕಸ ಗುಡಿಸುವವರು ಕಡಿಮೆ. ಐದಾರು ಮಂದಿ ಸಾಕು, ಅರ್ಧದಷ್ಟಾದರೂ ಹೆಂಗಸರಿರಲಿ. ಸ್ತ್ರೀಶಕ್ತಿ ಸಂಘ ನಡೆಸಿ ರೂಢಿಯಿರುವವರಿಗೆ ಲೆಕ್ಕ ಬರೆಯುವುದು, ಸಭೆ ಕರೆಯುವುದು ಹೊಸತಲ್ಲ. ಅಂಥ ಒಬ್ಬರನ್ನು ಮನವೊಲಿಸಿ.

ಕೆಲಸ ಹೀಗೆ ಹಂಚಿಕೊಳ್ಳಿ: ಬಾಗಿಲು ತೆರೆಯಲು ಇಬ್ಬರು, ಅರ್ಜಿ ಮತ್ತು ದಾಖಲೆ ನೋಡಲು ಇಬ್ಬರು, ಹಣಕ್ಕೆ ಒಬ್ಬರು, ಮಕ್ಕಳಿಗೆ ಒಬ್ಬರು. ಬೀಗದ ಕೈ ಎರಡಿರಲಿ. ಒಂದೇ ಕೈ ಇದ್ದರೆ ಅದು ಇರುವವರ ಮನೆಯಲ್ಲಿ ಸೂತಕವಾದರೂ ಕೇಂದ್ರ ಮುಚ್ಚುತ್ತದೆ.

ಹಂತ 5: ಹೊತ್ತು ಗೊತ್ತು ಮಾಡಿ, ತಪ್ಪಬೇಡಿ

ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ದೊಡ್ಡ ಕಾರ್ಯಕ್ರಮ ಮಾಡುವುದಕ್ಕಿಂತ, ಪ್ರತಿ ಮಂಗಳವಾರ ಮತ್ತು ಶನಿವಾರ ನಾಲ್ಕರಿಂದ ಆರೂವರೆ ಬಾಗಿಲು ತೆರೆದಿರುವುದು ಹೆಚ್ಚಿನದು. ಜನ ಬಂದರೂ ತೆರೆಯಬೇಕು, ಮಳೆ ಹಿಡಿದು ಯಾರೂ ಬರದಿದ್ದರೂ ತೆರೆಯಬೇಕು. ಒಂದು ಸಲ ಬಂದು ಬೀಗ ನೋಡಿ ಹೋದವರು ಮತ್ತೆ ಆ ಕಡೆ ತಲೆ ಹಾಕುವುದು ಕಷ್ಟ.

ದಿನ ಆರಿಸುವಾಗ ಸಂತೆ ದಿನ ಬಿಡಿ. ನಲ್ಲಿ ನೀರು ಬಿಡುವ ಹೊತ್ತನ್ನೂ ನೋಡಿಕೊಳ್ಳಿ. ಎರಡು ದಿನಕ್ಕೊಮ್ಮೆ ನೀರು ಬರುವ ಊರಿನಲ್ಲಿ ಆ ಹೊತ್ತಿಗೆ ಹೆಂಗಸರು ಮನೆ ಬಿಟ್ಟು ಬರುವುದಿಲ್ಲ. ಸಮಯವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರಷ್ಟೇ ಸಾಲದು. ನ್ಯಾಯಬೆಲೆ ಅಂಗಡಿ, ಹಾಲಿನ ಬೂತು, ಮೆಡಿಕಲ್ ಸ್ಟೋರು, ಮಸೀದಿ, ದೇವಸ್ಥಾನ, ಚರ್ಚಿನ ಫಲಕಗಳಲ್ಲಿ ದಪ್ಪ ಅಕ್ಷರದ ಒಂದು ಹಾಳೆ ಅಂಟಿಸಿ.

ಹಂತ 6: ಎರಡೇ ಚಟುವಟಿಕೆಯಿಂದ ಶುರು ಮಾಡಿ

ಯೋಗ, ಸಂಗೀತ, ಹೊಲಿಗೆ, ಕಂಪ್ಯೂಟರ್ ಎಲ್ಲವನ್ನೂ ಮೊದಲ ತಿಂಗಳೇ ಹಚ್ಚಿಕೊಂಡರೆ ಮೂರನೇ ತಿಂಗಳಿಗೆ ಎಲ್ಲವೂ ನಿಲ್ಲುತ್ತವೆ. ಎರಡು ಸಾಕು, ಒಂದು ಮಕ್ಕಳಿಗೆ, ಒಂದು ಹಿರಿಯರಿಗೆ.

ಮಕ್ಕಳಿಗೆ: ಸಂಜೆ ಓದುವ ಕೋಣೆ. ಪಾಠ ಹೇಳಲೇಬೇಕೆಂದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಟಿವಿ ಮುಂದೆ ಕೂತು ಓದುವ ಎಸ್ಸೆಸ್ಸೆಲ್ಸಿ ಹುಡುಗನಿಗೆ ಗಲಾಟೆಯಿಲ್ಲದ ಜಾಗ, ಬೆಳಕು, ಒಂದು ಚಾಪೆ ಸಿಕ್ಕರೇ ಅರ್ಧ ಕೆಲಸ ಆಯಿತು. ಗಣಿತ, ಇಂಗ್ಲಿಷ್ ಕೇಳಿದರೆ ಹೇಳಿಕೊಡಲು ಪದವಿ ಓದುವ ಒಬ್ಬರು ಇದ್ದರೆ ಸಾಕು. ಮಕ್ಕಳಿರುವ ಹೊತ್ತು ದೊಡ್ಡವರು ಇಬ್ಬರಾದರೂ ಇರಬೇಕು, ಬಾಗಿಲು ತೆರೆದೇ ಇರಬೇಕು. ಯಾರೊಬ್ಬರೂ ಒಂದು ಮಗುವಿನ ಜೊತೆ ಒಂಟಿಯಾಗಿ ಇರಕೂಡದೆಂಬ ನಿಯಮವನ್ನು ಮೊದಲ ದಿನವೇ ಹೇಳಿಬಿಡಿ. ಹೇಳಲು ಸಂಕೋಚಪಡಬೇಕಾಗಿಲ್ಲ, ಅದು ಮಗುವಿಗೂ ಕಾವಲು, ಕಾರ್ಯಕರ್ತರಿಗೂ ಕಾವಲು.

ಹಿರಿಯರಿಗೆ: ಪೇಪರು, ಕೇರಂ, ಚೌಕಾಬಾರ, ಒಂದು ಲೋಟ ಟೀ. ತಿಂಗಳಿಗೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಕರೆಸಿ ಬಿಪಿ, ಸಕ್ಕರೆ ನೋಡಿಸಿ. ಬಿಪಿ ನೋಡುವ ಮುನ್ನ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿಸಬೇಕು, ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಟೀ ಕೊಡಬಾರದು. ಆ ದಿನ ಟೀ ಕೊನೆಗಿರಲಿ. ಕೈಯಿರುವ ಕುರ್ಚಿಗಳನ್ನೇ ಹಾಕಿ. ಮಂಡಿ ನೋವಿನವರು ಎದ್ದೇಳುವಾಗ ಹಿಡಿದುಕೊಳ್ಳಲು ಆ ಕೈಗಳು ಬೇಕು.

ಚಿಕ್ಕದಾಗಿ ಶುರುವಾಯಿತೆಂದು ನಾಚಬೇಕಾಗಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ 1949ರಲ್ಲಿ ಹಳ್ಳಿಯೊಂದರ ಹವ್ಯಾಸಿ ನಾಟಕ ತಂಡವಾಗಿ ಹುಟ್ಟಿತು. ಅದರ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ನಡುವಿನ ಮೂರು ದಶಕ ಊರಿನವರು ಸೇರುತ್ತಲೇ ಇದ್ದರು ಎಂಬುದೇ ಮುಖ್ಯ.

ಹಂತ 7: ನೆರವಿನ ಮೇಜು

ಕೇಂದ್ರದ ಬಲವೆಲ್ಲ ಇಲ್ಲಿದೆ. "ಸಹಾಯ ಕೇಂದ್ರ" ಎಂದು ಫಲಕ ಹಾಕಿ ಒಂದು ಮೇಜು ಮಾತ್ರ ಇಟ್ಟರೆ ಮರ್ಯಾದೆಗೆ ಅಂಜುವವರು ಒಳಗೆ ಬರುವುದಿಲ್ಲ. ಕೇರಂ ನೋಡಲು ಬಂದವರು ಹೋಗುವಾಗ "ಹಾಗೇ ಒಂದು ಮಾತು" ಎಂದು ಮೇಜಿನ ಹತ್ತಿರ ನಿಲ್ಲುತ್ತಾರೆ. ಆದ್ದರಿಂದ ಚಟುವಟಿಕೆ ನಡೆಯುವ ಕೋಣೆಯಲ್ಲೇ ಒಂದು ಮೂಲೆಯಲ್ಲಿ ಮೇಜಿರಲಿ, ಆದರೆ ಮಾತು ಬೇರೆಯವರ ಕಿವಿಗೆ ಬೀಳದಷ್ಟು ದೂರವಿರಲಿ.

ಮೇಜಿನ ಮೇಲೆ ಬೇಕಾದವು: ಒಂದು ರಿಜಿಸ್ಟರ್, ಬಿಳಿ ಹಾಳೆ, ಪೆನ್ನು, ಇಂಟರ್‌ನೆಟ್ ಇರುವ ಒಂದು ಫೋನು, ಓದುಗನ್ನಡಕ ಒಂದು ಜೊತೆ.

ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಆಗಾಗ ಬರುವ ಒಂದು ಪ್ರಸಂಗ ನೋಡಿ, ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯದು.

"ಮೂರು ತಿಂಗ್ಳಾಯ್ತಪ್ಪ, ಸಂಧ್ಯಾ ಸುರಕ್ಷಾ ದುಡ್ಡು ಬಂದಿಲ್ಲ. ನಿಲ್ಸಿಬಿಟ್ಟವ್ರೆ."

"ನಿಲ್ಸಿದ್ದಾರೆ ಅಂತ ಯಾರು ಹೇಳಿದ್ರು ಅಜ್ಜಿ?"

"ಬ್ಯಾಂಕ್‌ನೋರು. ಬಂದಿಲ್ಲ ಹೋಗಜ್ಜಿ ಅಂದ್ರು."

"ಪಾಸ್‌ಬುಕ್ ಇದ್ಯಾ? ಈಚೆಗೆ ಬೇರೆ ಬ್ಯಾಂಕಲ್ಲಿ ಏನಾದ್ರೂ ಖಾತೆ ತೆಗೆಸಿದ್ರಾ?"

"ಸಂಘದ ಸಾಲಕ್ಕೆ ಅಂತ ಒಂದು ತೆಗೆಸಿದ್ರು ಕಣಪ್ಪ. ಹೆಬ್ಬೆಟ್ಟು ಒತ್ತಿಸ್ಕೊಂಡ್ರು."

ಗಂಟು ಬಿಚ್ಚಿತು. ಸರ್ಕಾರದ ನೇರ ನಗದು ವರ್ಗಾವಣೆ ಪಾಸ್‌ಬುಕ್ ನಂಬರು ನೋಡಿ ಹೋಗುವುದಿಲ್ಲ. ಕೊನೆಯದಾಗಿ ಆಧಾರ್ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹೊಸ ಖಾತೆ ತೆರೆಯುವಾಗ ಆಧಾರ್ ಅಲ್ಲಿಗೆ ಜೋಡಣೆಯಾಗಿದ್ದರೆ ದುಡ್ಡು ಆ ಖಾತೆಯಲ್ಲೇ ಕೂತಿರುತ್ತದೆ. ರಾಜ್ಯದ ಯೋಜನೆಗಳ ಹಣ ಯಾವ ಖಾತೆಗೆ ಯಾವ ದಿನ ಹೋಗಿದೆಯೆಂದು "ಡಿಬಿಟಿ ಕರ್ನಾಟಕ" ಆ್ಯಪ್‌ನಲ್ಲಿ ನೋಡಬಹುದು. ಗೃಹಲಕ್ಷ್ಮಿಯ 2,000 ರೂಪಾಯಿ "ಬಂದಿಲ್ಲ" ಎನ್ನುವವರಿಗೂ ಮೊದಲು ಇದನ್ನೇ ನೋಡಿ. ಪಿಂಚಣಿಯ ಹಣ ನಿಜವಾಗಿಯೂ ಹೋಗಿಲ್ಲದಿದ್ದರೆ ಆಗ ನಾಡಕಚೇರಿಗೆ ಅರ್ಜಿ.

ಪ್ರತಿಯೊಬ್ಬರ ವಿಷಯದಲ್ಲೂ ಈ ಐದು ಹೆಜ್ಜೆ ಪಾಲಿಸಿ:

1. ಪೂರ್ತಿ ಕೇಳಿ. ನಡುವೆ ಬಾಯಿ ಹಾಕಬೇಡಿ. ನಿಜವಾದ ತೊಂದರೆ ಬಹಳ ಸಲ ಮಾತಿನ ಕೊನೆಗೆ ಬರುತ್ತದೆ.
2. ದಾಖಲೆಗಳಲ್ಲಿ ಹೆಸರು, ಹುಟ್ಟಿದ ದಿನ ತಾಳೆ ನೋಡಿ. ಆಧಾರ್‌ನಲ್ಲಿ "ಲಕ್ಷ್ಮಮ್ಮ", ಪಡಿತರ ಚೀಟಿಯಲ್ಲಿ "ಲಕ್ಷ್ಮೀದೇವಮ್ಮ" ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ವಿದ್ಯಾರ್ಥಿವೇತನವಾದರೆ ಜಾತಿ, ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ ಸರಿಯಿದೆಯೇ, ವಿದ್ಯಾರ್ಥಿಯದೇ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ.
3. ಯಾವ ಕಚೇರಿ, ಯಾವ ಕೌಂಟರ್, ಏನೇನು ಜೆರಾಕ್ಸ್ ಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಡಿ. ಬಾಯಲ್ಲಿ ಹೇಳಿದ್ದು ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲಿ ಮರೆತುಹೋಗುತ್ತದೆ.
4. ಅರ್ಜಿ ಕೊಟ್ಟಮೇಲೆ ಸ್ವೀಕೃತಿ ಪಡೆಯಲು ಹೇಳಿ. 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಯಾದರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಹಿಡಿದು ಕೇಳುವವರಿಗೆ "ನಾಳೆ ಬನ್ನಿ" ಎಂದು ಸುಲಭವಾಗಿ ಹೇಳಲಾಗುವುದಿಲ್ಲ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದ ಹಿಂಬರಹ ಕೇಳಿ ಪಡೆಯಲಿ.
5. ರಿಜಿಸ್ಟರ್‌ನಲ್ಲಿ ತಾರೀಖು, ಹೆಸರು, ವಿಷಯ, ಮತ್ತೆ ಬರಬೇಕಾದ ದಿನ ಬರೆದು, ಆ ದಿನ ನೀವೇ ವಿಚಾರಿಸಿ.

ಕೆಲವು ಕೆಲಸ ಕಾಲಕಾಲಕ್ಕೆ ಬರುತ್ತವೆ. ನವೆಂಬರ್ ಬಂತೆಂದರೆ ನಿವೃತ್ತರಿಗೆ ಜೀವಿತ ಪ್ರಮಾಣಪತ್ರ. 2014ರಲ್ಲಿ ಬಂದ "ಜೀವನ್ ಪ್ರಮಾಣ್" ವ್ಯವಸ್ಥೆಯಲ್ಲಿ ಈಗ ಫೋನಿಗೆ ಮುಖ ತೋರಿಸಿದರೂ ಆಗುತ್ತದೆ. ಬೆರಳಚ್ಚು ಸವೆದ ಹಿರಿಯರಿಗೆ ಇದು ದೊಡ್ಡ ಅನುಕೂಲ. 70 ತುಂಬಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರ್‌ನಿಂದ ಆಯುಷ್ಮಾನ್ ವಯ ವಂದನ ಆರೋಗ್ಯ ಕಾರ್ಡ್ ಸಿಗುತ್ತದೆ. ಇಂಥವಕ್ಕೆ ಒಂದು ಶನಿವಾರ ಮೀಸಲಿಡಿ.

ಹಂತ 8: ಎಲ್ಲಿ ನಿಲ್ಲಬೇಕೆಂದು ಗೊತ್ತಿರಲಿ

ನಿಮ್ಮದು ದಾರಿ ತೋರಿಸುವ ಕೆಲಸ. ಒಂದು ರೂಪಾಯಿಯನ್ನೂ ಮುಟ್ಟಬೇಡಿ. "ಟೀಗೆ ಇಟ್ಕೊಳ್ಳಿ" ಎಂದು ಕೊಟ್ಟರೂ ಬೇಡ. ಸಣ್ಣ ಊರಿನಲ್ಲಿ ದಲ್ಲಾಳಿಯೆಂಬ ಹೆಸರು ಒಂದೇ ದಿನದಲ್ಲಿ ಅಂಟುತ್ತದೆ, ಹೋಗಲು ವರ್ಷಗಳು ಬೇಕು.

ಯಾರ ಆಧಾರ್ ಜೆರಾಕ್ಸನ್ನೂ ಕೇಂದ್ರದಲ್ಲಿ ಇಟ್ಟುಕೊಳ್ಳಬೇಡಿ. ಎಲ್ಲಿಗಾದರೂ ಪ್ರತಿ ಕೊಡಲೇಬೇಕಾದಾಗ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವ ಕಡೆ ಅದನ್ನೇ ಕೊಡುವಂತೆ ತಿಳಿಸಿ. ಫೋನಿಗೆ ಬಂದ ಒಟಿಪಿಯನ್ನು ಅವರೇ ಒತ್ತಲಿ, ಒತ್ತಲು ಬರದಿದ್ದರೆ ಅವರ ಮಗನೋ ಮೊಮ್ಮಗಳೋ ಒತ್ತಲಿ.

ಗಂಡ ಹೊಡೆಯುತ್ತಾನೆ ಎಂದು ಒಬ್ಬ ಹೆಣ್ಣುಮಗಳು ಹೇಳಿದರೆ ಊರ ಪಂಚಾಯ್ತಿಕೆ ಮಾಡಲು ಹೋಗಬೇಡಿ, ಗಂಡನನ್ನು ಕರೆಸಿ ಬುದ್ಧಿ ಹೇಳುವ ಸಾಹಸವೂ ಬೇಡ. ಅದರಿಂದ ಆಕೆಗೆ ಮನೆಯಲ್ಲಿ ಅಪಾಯ ಹೆಚ್ಚಬಹುದು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿಸಿ, ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿ ಅಥವಾ ಜಿಲ್ಲೆಯ ಸಖಿ ಕೇಂದ್ರಕ್ಕೆ ಹೋಗಲು ಜೊತೆ ಕೊಡಿ. ಕೋರ್ಟಿನ ವಿಷಯವಾದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಕಳಿಸಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಈ ಸಂಖ್ಯೆಗಳನ್ನು ಗೋಡೆಗೆ ದೊಡ್ಡದಾಗಿ ಬರೆಸಿ:

- 112: ಪೊಲೀಸ್, ತುರ್ತು ನೆರವು
- 108: ಆಂಬುಲೆನ್ಸ್
- 181: ಮಹಿಳೆಯರಿಗೆ
- 1098: ಮಕ್ಕಳಿಗೆ
- 14567: ಹಿರಿಯ ನಾಗರಿಕರಿಗೆ
- 14416: ಮನಸ್ಸಿನ ತೊಂದರೆಗೆ ಟೆಲಿ ಮಾನಸ್
- 15100: ಉಚಿತ ಕಾನೂನು ನೆರವು
- 1930: ಆನ್‌ಲೈನ್ ಹಣದ ಮೋಸ, ಎಷ್ಟು ಬೇಗ ಕರೆ ಮಾಡಿದರೆ ಹಣ ತಡೆಯುವ ಅವಕಾಶ ಅಷ್ಟು ಹೆಚ್ಚು

ಹಂತ 9: ಹಣ ಮತ್ತು ನೋಂದಣಿ

ಮೊದಲ ಆರು ತಿಂಗಳು ಹಣಕ್ಕಿಂತ ವಸ್ತು ಕೇಳಿ. ಹಾಲಿನವರು ಒಂದು ಲೀಟರ್ ಹಾಲು, ಅಂಗಡಿಯವರು ಟೀಪುಡಿ, ಮದುವೆ ಮನೆಯವರು ಜಮಖಾನ ಕೊಡುವುದು ಸುಲಭ. ಲೆಕ್ಕದ ತಲೆನೋವೂ ಕಡಿಮೆ. ಹಣ ಬಂದರೆ ಐವತ್ತು ರೂಪಾಯಿಗೂ ರಸೀದಿ ಹರಿಯಿರಿ. ತಿಂಗಳ ಜಮಾ-ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಊರಿನ ಗುಸುಗುಸು ಮಾತಿಗೆ ಇಷ್ಟು ಒಳ್ಳೆಯ ಮದ್ದು ಇನ್ನೊಂದಿಲ್ಲ.

ಕೆಲಸ ಬೇರೂರಿದ ಮೇಲೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ಕನಿಷ್ಠ ಏಳು ಸದಸ್ಯರು, ಉದ್ದೇಶ ಪತ್ರ, ಬೈಲಾ ಬೇಕು. ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಇದರ ಕೆಲಸ. ಆಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಇಬ್ಬರ ಸಹಿಯಿಲ್ಲದೆ ಹಣ ತೆಗೆಯಲಾಗದ ಬ್ಯಾಂಕ್ ಖಾತೆ. ನೋಂದಣಿಯಾದರೆ ಪ್ರತಿ ವರ್ಷ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಕೆಯ ಹೊಣೆಯೂ ಬರುತ್ತದೆ. ಅದಕ್ಕೆ ಸಿದ್ಧರಿಲ್ಲದಿದ್ದರೆ ಇನ್ನೂ ಸ್ವಲ್ಪ ದಿನ ಕಾಯಿರಿ. ಮುಂದೆ ತೆರಿಗೆ ವಿನಾಯಿತಿಗೆ 80ಜಿ ಪಡೆದರೆ ಒಂದು ಮಾತು ದಾನಿಗಳಿಗೆ ತಿಳಿಸಿ: 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ವಿನಾಯಿತಿ ಇಲ್ಲ, ಚೆಕ್ ಅಥವಾ ಆನ್‌ಲೈನ್ ಆಗಬೇಕು.

ಹಂತ 10: ಮೂರು ತಿಂಗಳಿಗೊಮ್ಮೆ ಕೂತು ನೋಡಿ

ರಿಜಿಸ್ಟರ್ ತೆರೆಯಿರಿ. ಎಷ್ಟು ಜನ ಬಂದರು ಎಂಬುದಕ್ಕಿಂತ ಈ ಪ್ರಶ್ನೆಗಳು ಮುಖ್ಯ:

- ತೆರೆಯಬೇಕಿದ್ದ ಎಷ್ಟು ಸಂಜೆ ತೆರೆಯಲಿಲ್ಲ? ಏಕೆ?
- ಯಾವ ಬೀದಿಯಿಂದ ಒಬ್ಬರೂ ಬಂದಿಲ್ಲ?
- ನಾವು ಬರೆದುಕೊಟ್ಟ ಚೀಟಿ ಹಿಡಿದು ಹೋದವರಲ್ಲಿ ಎಷ್ಟು ಮಂದಿಗೆ ಕೆಲಸ ಆಯಿತು?
- ಒಂದೇ ತೊಂದರೆ ಹತ್ತು ಮಂದಿಗೆ ಬಂದಿದೆಯೇ?

ಕೊನೆಯ ಪ್ರಶ್ನೆಗೆ ಹೌದೆಂದಾದರೆ ಒಬ್ಬೊಬ್ಬರನ್ನೇ ಕಳಿಸುವುದು ಬಿಟ್ಟು, ಪಟ್ಟಿ ಮಾಡಿ ತಹಶೀಲ್ದಾರರಿಗೆ ಒಟ್ಟಿಗೆ ಮನವಿ ಕೊಡಿ, ಅಥವಾ ಸಂಬಂಧಪಟ್ಟ ಸಿಬ್ಬಂದಿಯನ್ನೇ ಒಂದು ಸಂಜೆ ಕೇಂದ್ರಕ್ಕೆ ಬರುವಂತೆ ಕೇಳಿ. ಹತ್ತು ಜನ ಒಂದೇ ಕಡೆ ಸಿಗುತ್ತಾರೆಂದರೆ ಸಿಬ್ಬಂದಿಗೂ ಅನುಕೂಲ.

ಬಾರದ ಬೀದಿಗೆ ಮತ್ತೆ ಹೋಗಿ ಕಾರಣ ಕೇಳಿ. ಯಾರಿಗೂ ಬೇಡವಾದ ಚಟುವಟಿಕೆಯನ್ನು ಹಟಕ್ಕೆ ಬಿದ್ದು ನಡೆಸದೆ ನಿಲ್ಲಿಸಿ. ಪಕ್ಷದ ಬಾವುಟ, ಚುನಾವಣೆಯ ಕರಪತ್ರ ಒಳಗೆ ಬರದಂತೆ ನೋಡಿಕೊಳ್ಳಿ; ಉದ್ಘಾಟನೆ, ಸನ್ಮಾನಗಳನ್ನು ವರ್ಷಕ್ಕೊಂದಕ್ಕೆ ಸೀಮಿತಗೊಳಿಸಿ.

ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಪರೀಕ್ಷೆ ಮಾಡಿ. ಈ ಕೆಲಸ ಶುರುಮಾಡಿದವರು ಹದಿನೈದು ದಿನ ರಜೆ ತೆಗೆದುಕೊಳ್ಳಲಿ, ಫೋನಿನಲ್ಲೂ ಸಲಹೆ ಕೊಡದಿರಲಿ. ಆ ನಾಲ್ಕು ಸಂಜೆ ಕೇಂದ್ರ ತೆರೆದು, ಬಂದವರ ಕೆಲಸ ರಿಜಿಸ್ಟರ್‌ನಲ್ಲಿ ದಾಖಲಾಗಿದ್ದರೆ ಮೂರನೇ ಚಟುವಟಿಕೆಯ ಯೋಚನೆ ಮಾಡಬಹುದು. ಇಲ್ಲವಾದರೆ ಹೊಸದೇನನ್ನೂ ಹಚ್ಚಿಕೊಳ್ಳದೆ, ಇನ್ನಿಬ್ಬರನ್ನು ತಂಡಕ್ಕೆ ಸೇರಿಸಿಕೊಂಡು ಮೇಜಿನ ಕೆಲಸ ಕಲಿಸುವುದರಿಂದ ಮುಂದಿನ ವರ್ಷ ಶುರುಮಾಡಿ.